‘ನಾ ಶಾಣ್ಯಾ ಅಲ್ರೀ, ನಾ ಹೆಂಗ ಹೇಳ್ಲಿ?’

ಅಪ್ಪ ಬಂದವರೇ ಕೇಳಿದ್ದು ಸರ್ಟಿಫಿಕೇಟು. “ಮೇಡಂರ, ಇವಂಗ ಬುದ್ಧಿ ಎಷ್ಟೈತಿ ಅಂತ ಒಮ್ಮೆ ಅಳದು ಬರದು ಕೊಟ್ಟುಬಿಡ್ರಿ. ಅಂಗಡ್ಯಾಗ ಕುಂದರಸಬೇಕೋ ಬ್ಯಾಡೋ, ಇತ್ಯರ್ಥ ಆಗ್ಲಿ.” ಪಕ್ಕದಲ್ಲಿದ್ದ 24ರ ಹುಡುಗ ನೆಲ ನೋಡುತ್ತಿದ್ದ. ಬ್ಯಾಡಗಿಯಲ್ಲಿ ಅವರದು ಮೆಣಸಿನಕಾಯಿ ದಲಾಲಿ ಅಂಗಡಿ. ನನ್ನ ಆಪ್ತಸಮಾಲೋಚನೆಯ ಕೋಣೆ ಇರುವುದು ಹುಬ್ಬಳ್ಳಿಯಲ್ಲಿ. ಊರಲ್ಲಿ ಯಾರಾದರೂ ಕಂಡಾರೆಂದು ಇಷ್ಟು ದೂರ ಬಂದಿದ್ದರು. (ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಹತ್ತದ ಹಾಗೆ ಕೆಲವು ವಿವರ ಬದಲಿಸಿದ್ದೇನೆ.)

ದೊಡ್ಡ ಮಗ ಎಂಜಿನಿಯರು, ಬೆಂಗಳೂರಲ್ಲಿ ನೌಕರಿ. ಮನೆಯಲ್ಲಿ ಅವನ ಹೆಸರೇ ‘ಶಾಣ್ಯಾ’, ಅಂದರೆ ಜಾಣ. ಈ ಕಿರಿಯವ ಬಿಕಾಂನಲ್ಲಿ ಎರಡು ವಿಷಯ ಉಳಿಸಿಕೊಂಡು ಅಂಗಡಿ ಸೇರಿದವ. ಅವನಿಗೆ ‘ದಡ್ಡ’ ಎಂಬ ಹೆಸರು ನಾಲ್ಕನೇ ಇಯತ್ತೆಯಿಂದ ಅಂಟಿದೆ. ಅಣ್ಣ ವಾಟ್ಸಾಪ್ ಗುಂಪೊಂದರಲ್ಲಿ ಸಿಕ್ಕ ಹೂಡಿಕೆ ಆ್ಯಪಿಗೆ ಅಪ್ಪನಿಂದ 11 ಲಕ್ಷ ಹಾಕಿಸಿದ್ದ. ಮೊದಲು 30 ಸಾವಿರ ಲಾಭ ಖಾತೆಗೆ ಬಂತು. ಆಮೇಲೆ ಹಣ ತೆಗೆಯಲು ‘ಟ್ಯಾಕ್ಸ್ ಕಟ್ಟಿ’ ಎಂದರು, ಅದನ್ನೂ ಕಟ್ಟಿದ ಮೇಲೆ ಗುಂಪೇ ಮಾಯ. ಅದಾಗಿ ಎರಡು ತಿಂಗಳು. ವಿಚಿತ್ರವೆಂದರೆ ನಿದ್ದೆ ಬಿಟ್ಟವನು ಹಣ ಹಾಕಿಸಿದ ಅಣ್ಣನಲ್ಲ, ತಮ್ಮ. ಊಟ ಸೇರುವುದಿಲ್ಲ, ತೂಕ ಬರೆಯುವಾಗ ಕೈ ನಡುಗುತ್ತದೆ. ತಪ್ಪು ತೂಕ ಬರೆದ ದಿನ ಅಪ್ಪನಿಗೆ ಈ ಸರ್ಟಿಫಿಕೇಟಿನ ಯೋಚನೆ ಬಂದದ್ದು.

ಬುದ್ಧಿ ಅಳೆಯುವ ಪರೀಕ್ಷೆಗಳು ನಮ್ಮಲ್ಲಿ ಇಲ್ಲದಿಲ್ಲ. ವಿ. ವಿ. ಕಾಮತರು 1930ರ ದಶಕದಲ್ಲೇ ಬಿನೆ ಪರೀಕ್ಷೆಯನ್ನು ಕನ್ನಡ, ಮರಾಠಿ ಮಾತಾಡುವ ಮಕ್ಕಳಿಗೆ ಒಗ್ಗಿಸಿದ್ದರು. ಬಿನೆ-ಕಾಮತ್ ಎಂಬ ಹೆಸರಿನಲ್ಲಿ ಅದು ಇಂದಿಗೂ ಬಳಕೆಯಲ್ಲಿದೆ. ತಮಾಷೆಯೆಂದರೆ, 1905ರಲ್ಲಿ ಪ್ಯಾರಿಸ್ಸಿನಲ್ಲಿ ಮೂಲ ಪರೀಕ್ಷೆ ಕಟ್ಟಿದ ಬಿನೆ ಮತ್ತು ಸಿಮೋನ್ ಬುದ್ಧಿಯ ತಿರುಳೇ ಸರಿಯಾಗಿ ತೂಗಿನೋಡುವುದು ಎಂದಿದ್ದರು; ನಮ್ಮ ಕೈಗೆ ಬರುವಷ್ಟರಲ್ಲಿ ಉಳಿದದ್ದು ಅಂಕಿ ಮಾತ್ರ. “ಯಜಮಾನ್ರ, ಪರೀಕ್ಷೆ ಮಾಡಬಹುದು, ಆದರೆ ನಿಮ್ಮ ಪ್ರಶ್ನೆಗೆ ಅದರಲ್ಲಿ ಉತ್ತರ ಸಿಗೂದಿಲ್ಲ” ಎಂದು ಅಪ್ಪನನ್ನು ಹೊರಗೆ ಕೂರಿಸಿದೆ.

ಒಬ್ಬನೇ ಇದ್ದಾಗ ಮೊದಲು ನೇರವಾಗಿ ಕೇಳಿದ್ದು, ಬದುಕೇ ಬೇಡ ಅನ್ನಿಸಿದೆಯಾ ಎಂದು. ಇಲ್ಲ ಎಂದ, ಹೇಳಿದ ರೀತಿಯಲ್ಲಿ ನಂಬಿಕೆ ಬಂತು. ನಿದ್ದೆಗಾಗಿ ಮನೋವೈದ್ಯರನ್ನು ಕಾಣಲು ಚೀಟಿ ಬರೆದುಕೊಟ್ಟೆ. ಆಮೇಲೆ ನಾನೊಂದು ತಪ್ಪು ಮಾಡಿದೆ. ಧೈರ್ಯ ತುಂಬುವ ಉಮೇದಿನಲ್ಲಿ, “ನೀವು ಜಾಣರೇ ಇದ್ದೀರಿ” ಎಂದುಬಿಟ್ಟೆ. ಹುಡುಗ ಬಾಗಿಲು ಹಾಕಿಕೊಂಡವನಂತೆ ಸುಮ್ಮನಾದ. ಹದಿನೈದು ವರ್ಷದಿಂದ ಯಾವ ತಕ್ಕಡಿ ಅವನನ್ನು ಕೆಳಗೆ ಇಳಿಸುತ್ತ ಬಂದಿತ್ತೋ, ನಾನೂ ಅದರಲ್ಲೇ ಅವನನ್ನು ತೂಗಿದ್ದೆ.

ಎರಡನೇ ಭೇಟಿಗೆ ಅವನ ತಾಯಿ ನನಗೆಂದು ಒಂದು ಕವರಿನಲ್ಲಿ ಮೆಣಸಿನಕಾಯಿ ಕಳಿಸಿದ್ದರು. ಉಡುಗೊರೆ ನಾವು ಇಟ್ಟುಕೊಳ್ಳುವಂತಿಲ್ಲ. ಆದರೆ ಅಂದು ಅದನ್ನು ಮೇಜಿನ ಮೇಲೆ ಸುರಿದು, ಇದರಲ್ಲಿ ಒಳ್ಳೆಯದು ಯಾವುದು ತೋರಿಸಿ ಎಂದೆ. ನೆಲದಿಂದ ಕಣ್ಣು ಮೇಲೆ ಬಂತು. ಸುಕ್ಕುಗಟ್ಟಿದ ಉದ್ದನೆಯ ಕಡ್ಡಿ ಕಾಯಿಯನ್ನೊಂದು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ: ಒಳಗೆ ಬೀಜ ಗಿಲ್ಲೆಂದರೆ ಒಣಗಿದೆ. ಇನ್ನೊಂದನ್ನು ಮಡಚಿದ, ಮುರಿಯಲಿಲ್ಲ, ಬಾಗಿತು. “ಇದರಾಗ ಹಸಿ ಐತ್ರೀ. ತೂಕ ಬರ್ಲೆಂತ ನೀರ ಹೊಡದಿರ್ತಾರ. ಕೋಲ್ಡ್ ಸ್ಟೋರೇಜಿಗೆ ಹಾಕಿದ್ರ ಬೂಸರ ಹತ್ತತೈತಿ.” ಬಣ್ಣ ನೋಡಲು ಕಾಯಿಯನ್ನು ಕಿಟಕಿಯ ಬೆಳಕಿಗೆ ಹಿಡಿದ. ಬ್ಯಾಡಗಿ ಕಾಯಿಗೆ ಬೆಲೆ ಬರುವುದೇ ಖಾರಕ್ಕಲ್ಲ, ಬಣ್ಣಕ್ಕೆ. 2011ರಲ್ಲಿ ಭೌಗೋಳಿಕ ಸೂಚಕ ಸಿಕ್ಕಿದ ಕಾಯಿ ಅದು. ಹತ್ತು ನಿಮಿಷ ಮಾತಾಡಿದ. ಕೈ ನಡುಗಲಿಲ್ಲ.

ಆಗ ಕೇಳಿದೆ: ಆ್ಯಪಿನ ವಿಷಯ ಮನೆಯಲ್ಲಿ ಬಂದ ದಿನ ನಿಮಗೇನು ಅನ್ನಿಸಿತ್ತು?

“ಚೀಲ ಬಿಚ್ಚದ ರೇಟ್ ಹೇಳಾಕತ್ತಾರಲ್ಲ ಅನಿಸಿತ್ರೀ. ನಮ್ಮ ಪ್ಯಾಟ್ಯಾಗ ಮಾಲ್ ನೋಡದ ಯಾರೂ ರೇಟ್ ಬರಿಯಂಗಿಲ್ಲ. ಹೇಳಬೇಕಂತ ಬಾಯಿತನಕ ಬಂದಿತ್ತು. ನಾ ಶಾಣ್ಯಾ ಅಲ್ರೀ, ನಾ ಹೆಂಗ ಹೇಳ್ಲಿ?”

ಅವನ ನಿದ್ದೆ ಕದ್ದದ್ದು ಇದು. ಅವನಿಗೆ ಗೊತ್ತಾಗಿತ್ತು, ಆದರೆ ಗೊತ್ತಾಗುವ ಹಕ್ಕು ತನಗಿಲ್ಲ ಎಂದು ನಂಬಿದ್ದ.

ಮುಂದಿನ ಭೇಟಿಗೆ ಮೂವರನ್ನೂ ಕರೆಸಿದೆ. ಅರ್ಧ ತಾಸು ಬರೀ ಶಬ್ದಗಳ ಮೇಲೆ ಮಾತಾಡಿದೆವು. ‘ಶಾಣ್ಯಾ’ ಮರಾಠಿಯ ಶಹಾಣಾದಿಂದ ಬಂದದ್ದು. ನಮ್ಮ ಕಡೆ ಅದು ಅಂಕ ತಂದವನಿಗೂ ಸಲ್ಲುತ್ತದೆ, ವ್ಯವಹಾರ ಬಲ್ಲವನಿಗೂ ಸಲ್ಲುತ್ತದೆ, ‘ಭಾರಿ ಶಾಣ್ಯಾ ಆಗೀ ನೀ’ ಎಂದರೆ ಬೈಗುಳವೂ ಹೌದು. ಒಂದೇ ಚೀಲದಲ್ಲಿ ಮೂರು ಮಾಲು. ಚಾಣಾಕ್ಷ ಎಂದರೆ ಕೆಲಸ ಸಾಧಿಸಿದವ, ಬೆರಿಕಿ ಎಂದರೆ ತನ್ನ ಲಾಭಕ್ಕಷ್ಟೇ ಸಾಧಿಸಿದವ. ಎರಡೂ ಒಂದೇ ಚುರುಕು, ಬೇರೆ ಕಿಸೆ. ‘ಬುದ್ಧಿ’ ಅಂತೂ ತಲೆಯನ್ನೂ ಹೇಳುತ್ತದೆ, ಸ್ವಭಾವವನ್ನೂ ಹೇಳುತ್ತದೆ: ನರಿಬುದ್ಧಿ ಎನ್ನುವಾಗ ನಾವು ಯಾರೂ ಅಂಕಪಟ್ಟಿ ಕೇಳುವುದಿಲ್ಲ. ವಿವೇಕದ ಧಾತು ಸಂಸ್ಕೃತದಲ್ಲಿ ‘ಬೇರ್ಪಡಿಸು’ ಎನ್ನುವುದು, ಅಂದರೆ ಮೊರದಲ್ಲಿ ಕಾಳು ಹಸನು ಮಾಡುವ ಕೆಲಸ. ನನಗೆ ಹೆಚ್ಚು ಇಷ್ಟ ನಮ್ಮದೇ ‘ತಿಳಿವಳಿಕೆ’. ತಿಳಿನೀರು, ತಿಳಿಸಾರು ಎನ್ನುತ್ತೇವಲ್ಲ, ಅದೇ ತಿಳಿ. ರಾಡಿ ಕೆಳಗಿಳಿದ ಮೇಲೆ ಕಾಣುವುದು. ಅದಕ್ಕೆ ಕೊಡ ಅಲ್ಲಾಡಿಸದೆ ಒಂದಿಷ್ಟು ಹೊತ್ತು ಬಿಡಬೇಕು.

ಅಣ್ಣ ಇಲ್ಲಿ ತಲೆ ಎತ್ತಿದ. “ನನಗ ಹೊತ್ತು ಕೊಡಲಿಲ್ರೀ ಅವರು. ‘ಇವತ್ತ ಕೊನೆ ದಿನ’ ಅಂದ್ರು.” ಅವನ ಲೆಕ್ಕದ ಬುದ್ಧಿ ಚೆನ್ನಾಗಿಯೇ ಕೆಲಸ ಮಾಡಿತ್ತು, ಲಾಭದ ಲೆಕ್ಕ ತಟ್ಟನೆ ಹಾಕಿದ್ದ. ಹಸನು ಮಾಡಲು ಬಿಡುವು ಇರಲಿಲ್ಲ, ಮನೆಯ ‘ಶಾಣ್ಯಾ’ ಆದವನಿಗೆ ‘ನನಗ ಗೊತ್ತಿಲ್ಲ, ಕೇಳಿ ಹೇಳ್ತೀನಿ’ ಎನ್ನುವ ಅವಕಾಶವೂ ಇರಲಿಲ್ಲ. ಆ ಹೆಸರು ಅವನಿಗೂ ಹೊರೆಯೇ ಆಗಿತ್ತೆಂದು ಅಪ್ಪನಿಗೆ ಅಂದೇ ಮೊದಲ ಬಾರಿ ಕಂಡಿತೇನೋ.

ನಾನು ಕೊಟ್ಟ ಸಲಹೆ ದೊಡ್ಡದೇನಲ್ಲ. ಸಹಾಯವಾಣಿ 1930ಕ್ಕೆ ಫೋನು ಮಾಡಿ ಸೈಬರ್ ದೂರು ಕೊಡಲು ಹೇಳಿದೆ. ಮಾನಕ್ಕಂಜಿ ಎರಡು ತಿಂಗಳು ಸುಮ್ಮನಿದ್ದರು. ಮೋಸವಾದ ಕೂಡಲೇ ಹೇಳಿದರೆ ಹಣವನ್ನು ಬ್ಯಾಂಕಿನಲ್ಲೇ ತಡೆಯುವ ಸಾಧ್ಯತೆ ಹೆಚ್ಚು, ತಡವಾದಷ್ಟೂ ಕಡಿಮೆ. ದೊಡ್ಡ ಮೊತ್ತ ಹೊರಗೆ ಹೋಗುವ ಮುಂಚೆ ಒಂದು ರಾತ್ರಿ ದಾಟಬೇಕು, ಮನೆಯ ಪ್ರತಿಯೊಬ್ಬರೂ ತಮ್ಮ ಅನುಮಾನವನ್ನು ಒಂದು ಮಾತಿನಲ್ಲಿ ಹೇಳಬೇಕು, ಕಾರಣ ಕೊಡಲೇಬೇಕೆಂದಿಲ್ಲ. ತಾಯಿಯನ್ನೂ ಕೇಳಬೇಕು (ಈ ಮನೆಯಲ್ಲಿ ಆಕೆಗೆ ಶಾಣ್ಯಾ, ದಡ್ಡ ಎರಡೂ ಹೆಸರಿರಲಿಲ್ಲ, ಯಾರೂ ಆಕೆಯನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ). ಅಪ್ಪನಿಗೆ ಹೇಳಿದ್ದು: ತಪ್ಪಾದರೆ ತಪ್ಪಿನ ಹೆಸರು ಹೇಳ್ರಿ, ಮಗನ ಹೆಸರು ಬದಲಿಸಬ್ಯಾಡ್ರಿ. ‘ತೂಕ ತಪ್ಪೈತಿ’ ಅಂದರೆ ಸಾಕು. ಕಿರಿಯವನಿಗೆ ಒಂದು ಸಣ್ಣ ಕಿರ್ದಿ ಇಡಲು ಹೇಳಿದೆ. ಯಾರಾದರೂ ಶಾಣ್ಯಾ, ದಡ್ಡ ಅಂದಾಗ ಒಂದು ಕಾಲಂನಲ್ಲಿ ಆ ಶಬ್ದ, ಪಕ್ಕದಲ್ಲಿ ಅದು ಯಾವ ಕೆಲಸಕ್ಕೆ ಬಂತು ಎಂಬುದು.

ಅಪ್ಪ ಪೂರ್ತಿ ಒಪ್ಪಲಿಲ್ಲ. “ಐವತ್ತು ವರ್ಷದ ಬಾಯಿರೀ ಇದು” ಎಂದು ನಕ್ಕರು. ಹಣ ಇನ್ನೂ ಬಂದಿಲ್ಲ.

ಆರು ವಾರದ ಮೇಲೆ ಹುಡುಗ ಒಬ್ಬನೇ ಬಂದ. ರಾತ್ರಿ ಐದಾರು ತಾಸು ನಿದ್ದೆ ಹತ್ತುತ್ತಿದೆ. ಕಿರ್ದಿ ತೆಗೆದು ಮೇಜಿನ ಮೇಲಿಟ್ಟ. ಮೊದಲ ವಾರ ‘ದಡ್ಡ’ 14 ಸಲ, ಕೊನೆಯ ವಾರ 5. ಕಡೆಯ ಪುಟದಲ್ಲಿ ಒಂದು ಸಾಲು ಎರಡೂ ಕಾಲಂ ದಾಟಿ ಅಡ್ಡಡ್ಡ ಬರೆದಿತ್ತು. ಮಾಲಿಗೆ ರೇಟ್ ಬರೆಯುವ ಟೆಂಡರ್ ದಿನ ಒಂದು ಲಾಟಿನ ಮುಂದೆ ನಿಂತು ಅಪ್ಪ ಕೇಳಿದ್ದಂತೆ: “ನಿನಗೇನ ಅನಸ್ತೈತಿ?”

“ಇದನ್ನ ಯಾವ ಕಾಲಂದಾಗ ಬರೀಬೇಕು ತಿಳೀಲಿಲ್ರೀ ಮೇಡಂ” ಎಂದ.