ಓದುಗರ ಪ್ರಶ್ನೆ: ಮ್ಯಾಕ್ರೋ ಓಡಿಸಿದೆ, ನನ್ನ ಹಳೇ ಫೈಲ್ ಎಲ್ಲಿ ಹೋಯ್ತು?

ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಪಾಲು ಎಕ್ಸೆಲ್ ಮ್ಯಾಕ್ರೋದ್ದೇ (ಒಂದು ಕೆಲಸವನ್ನು ತಾನಾಗಿ ಮಾಡಿಸಲು ಬರೆದಿಟ್ಟ ಆಜ್ಞೆಗಳ ಪಟ್ಟಿಗೆ ಮ್ಯಾಕ್ರೋ ಅನ್ನುತ್ತಾರೆ), ಅದರಲ್ಲೂ ಫೈಲ್ ಸೇವ್ ಮಾಡುವುದು ಮತ್ತು ಹೆಸರು ಬದಲಿಸುವುದು. ಹಾಗಾಗಿ ಉಳಿದ ಪ್ರಶ್ನೆಗಳನ್ನು ಮುಂದಕ್ಕೆ ಹಾಕಿ ಇವನ್ನೇ ಹಿಡಿದು ಕೂತಿದ್ದೇನೆ. ಆಜ್ಞೆಗಳ ಹೆಸರನ್ನು ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ. ಎಡಿಟರ್‌ನಲ್ಲಿ ನೀವು ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡಬೇಕು.

ಪ್ರಶ್ನೆ: ದಿನಾ ಸಂಜೆ ಒಂದೇ ಶೀಟ್ ತುಂಬಿಸಿ ಬೇರೆ ಹೆಸರಲ್ಲಿ ಸೇವ್ ಮಾಡುವ ಕೆಲಸ ನನ್ನದು. ಬೇಜಾರಾಗಿ ಒಂದು ದಿನ ಮ್ಯಾಕ್ರೋ ರೆಕಾರ್ಡ್ ಮಾಡಿದೆ. ಮರುದಿನ ಓಡಿಸಿದಾಗ ‘ಈ ಹೆಸರಿನ ಫೈಲ್ ಆಗಲೇ ಇದೆ, ಅದರ ಬದಲು ಇದನ್ನು ಇಡಲೇ’ ಅಂತ ಕೇಳಿತು. ಹೌದು ಅಂದೆ. ಈಗ ಹಿಂದಿನ ದಿನದ ಲೆಕ್ಕವೇ ಇಲ್ಲ. ಮ್ಯಾಕ್ರೋ ಯಾಕೆ ಹೀಗೆ ಮಾಡಿತು?

ಉತ್ತರ: ಮ್ಯಾಕ್ರೋ ನೀವು ಕಲಿಸಿದ್ದನ್ನೇ ಮಾಡಿದೆ, ಪಾಪ. ರೆಕಾರ್ಡರ್‌ಗೆ ನಿಮ್ಮ ಮನಸ್ಸಿನಲ್ಲಿ ಇರುವುದು ಗೊತ್ತಾಗುವುದಿಲ್ಲ. ನೀವು ಮೊದಲ ದಿನ ಟೈಪ್ ಮಾಡಿದ ಹೆಸರು, ಫೋಲ್ಡರ್ ಸಮೇತ, ಅಕ್ಷರಕ್ಕೆ ಅಕ್ಷರ ಅದರಲ್ಲಿ ಕೂತಿದೆ. ‘ಇವತ್ತಿನ ತಾರೀಖು ಹಾಕು’ ಅನ್ನುವುದು ನಿಮ್ಮ ಉದ್ದೇಶವಾಗಿತ್ತು, ಆದರೆ ಅದಕ್ಕೆ ಕಂಡದ್ದು ಆ ದಿನದ ತಾರೀಖು ಮಾತ್ರ.

ಕಳೆದುಹೋದದ್ದು ಸಿಗಬೇಕಾದರೆ ಬ್ಯಾಕಪ್ ಇರಬೇಕು. ಇಲ್ಲವಾದರೆ ಆಸೆ ಕಡಿಮೆ. ಮುಂದಿನದನ್ನು ಸರಿ ಮಾಡೋಣ. ಆಲ್ಟ್ ಮತ್ತು ಎಫ್11 ಒಟ್ಟಿಗೆ ಒತ್ತಿ. ಎಡಿಟರ್ ತೆರೆಯುತ್ತದೆ. ‘ಆಕ್ಟಿವ್‌ವರ್ಕ್‌ಬುಕ್ ಡಾಟ್ ಸೇವ್‌ಆಸ್’ ಅನ್ನುವ ಸಾಲು ಹುಡುಕಿ. ಅದರ ಮುಂದೆ ಕೊಟೇಷನ್ ಒಳಗೆ ಇಡೀ ಹೆಸರು ಇರುತ್ತದೆ. ಅದನ್ನು ಮೂರು ತುಂಡು ಮಾಡಿ: ಫೋಲ್ಡರ್‌ನ ದಾರಿ, ತಾರೀಖು, ಕೊನೆಯಲ್ಲಿ ‘ಡಾಟ್ ಎಕ್ಸ್‌ಎಲ್‌ಎಸ್‌ಎಕ್ಸ್’. ಮೂರನ್ನೂ ಆಂಪರ್ಸಂಡ್ ಚಿಹ್ನೆಯಿಂದ ಜೋಡಿಸಿ. ಫೋಲ್ಡರ್ ದಾರಿಯ ಕೊನೆಗೆ ಬ್ಯಾಕ್‌ಸ್ಲ್ಯಾಶ್ ಹಾಕುವುದನ್ನು ಮರೆತರೆ ಫೋಲ್ಡರ್‌ನ ಹೆಸರೇ ಫೈಲ್ ಹೆಸರಿಗೆ ಅಂಟಿಕೊಂಡು, ಫೈಲ್ ಒಂದು ಮೆಟ್ಟಿಲು ಮೇಲಿನ ಫೋಲ್ಡರ್‌ಗೆ ಹೋಗಿ ಬೀಳುತ್ತದೆ. ‘ಮ್ಯಾಕ್ರೋ ಸೇವ್ ಮಾಡಿದೆ ಅನ್ನುತ್ತದೆ, ಫೈಲ್ ಮಾತ್ರ ಕಾಣಿಸುವುದಿಲ್ಲ’ ಅಂತ ಬರೆದವರಲ್ಲಿ ಇಬ್ಬರ ಕಥೆ ಇದೇ.

ತಾರೀಖಿನ ಜಾಗದಲ್ಲಿ ಬರೀ ‘ಡೇಟ್’ ಅಂತ ಹಾಕಬೇಡಿ. ಅದು ಆ ಕಂಪ್ಯೂಟರ್‌ನ ಸೆಟ್ಟಿಂಗ್ ನೋಡಿಕೊಂಡು ತಾರೀಖು ಬರೆಯುತ್ತದೆ. ನಿಮ್ಮಲ್ಲಿ ನಡುವೆ ಅಡ್ಡಗೆರೆ ಬಂದರೆ ಸಲೀಸಾಗಿ ಓಡುತ್ತದೆ. ಪಕ್ಕದವರ ಕಂಪ್ಯೂಟರ್‌ನಲ್ಲಿ ಸ್ಲ್ಯಾಶ್ ಬಂದರೆ 1004 ಅನ್ನುವ ಎರರ್ ಬಂದು ನಿಲ್ಲುತ್ತದೆ, ಯಾಕೆಂದರೆ ಸ್ಲ್ಯಾಶ್ ಕಂಡ ಕೂಡಲೇ ಅದರ ಹಿಂದಿರುವುದು ಫೋಲ್ಡರ್ ಹೆಸರು ಅಂದುಕೊಳ್ಳುತ್ತದೆ. ಅದಕ್ಕೇ ‘ಫಾರ್ಮ್ಯಾಟ್’ ಬಳಸಿ, ವೈ ನಾಲ್ಕು, ಎಂ ಎರಡು, ಡಿ ಎರಡು, ನಡುವೆ ಅಡ್ಡಗೆರೆ. 2025-03-09 ಅಂತ ಬರುತ್ತದೆ. ವರ್ಷ ಮೊದಲಿದ್ದರೆ ಫೋಲ್ಡರ್‌ನಲ್ಲಿ ಫೈಲ್‌ಗಳು ತಾರೀಖಿನ ಸಾಲಿಗೇ ನಿಲ್ಲುತ್ತವೆ. ಗಂಟೆ ನಿಮಿಷವೂ ಬೇಕಾದರೆ ನಡುವೆ ಕೋಲನ್ ಹಾಕಬೇಡಿ, ವಿಂಡೋಸ್ ಅದನ್ನು ಒಪ್ಪುವುದಿಲ್ಲ. ನಿಮಿಷಕ್ಕೆ ‘ಎನ್’ ಎರಡು ಬರೆಯಿರಿ, ‘ಎಂ’ ಅಂದರೆ ತಿಂಗಳೋ ನಿಮಿಷವೋ ಅನ್ನುವ ಗೊಂದಲ ತಪ್ಪುತ್ತದೆ.

ಪ್ರಶ್ನೆ: ಬೆಳಿಗ್ಗೆ ಬ್ಯಾಕಪ್ ಮ್ಯಾಕ್ರೋ ಒತ್ತಿ, ಆಮೇಲೆ ದಿನವಿಡೀ ಕೆಲಸ ಮಾಡಿದೆ. ಸಂಜೆ ಮೂಲ ಫೈಲ್ ತೆರೆದರೆ ಏನೂ ಇಲ್ಲ, ನಿನ್ನೆಯದೇ ಇದೆ. ಮಾಡಿದ್ದೆಲ್ಲ ಬ್ಯಾಕಪ್ ಫೋಲ್ಡರ್‌ನಲ್ಲಿ ಸಿಕ್ಕಿತು! ಸೇವ್ ಬಟನ್ ನೂರು ಸಲ ಒತ್ತಿದ್ದೇನೆ ಸರ್.

ಉತ್ತರ: ಒತ್ತಿದ್ದು ನಿಜ, ನೂರು ಸಲವೂ ಅದು ಬ್ಯಾಕಪ್‌ಗೇ ಹೋಗಿದೆ. ಸದ್ಯ, ಕೆಲಸ ಕಳೆದುಹೋಗಲಿಲ್ಲವಲ್ಲ.

ನೀವು ಪರದೆಯ ಮೇಲೆ ನೋಡುವ ವರ್ಕ್‌ಬುಕ್ ಬೇರೆ, ಡಿಸ್ಕಿನಲ್ಲಿ ಕೂತಿರುವ ಫೈಲ್ ಬೇರೆ. ಇವೆರಡನ್ನು ಒಂದು ದಾರ ಕಟ್ಟಿಹಾಕಿರುತ್ತದೆ. ‘ಸೇವ್‌ಆಸ್’ ಹೊಸ ಫೈಲ್ ಬರೆಯುವುದಷ್ಟೇ ಅಲ್ಲ, ಆ ದಾರವನ್ನು ಹಳೇ ಫೈಲಿನಿಂದ ಬಿಚ್ಚಿ ಹೊಸದಕ್ಕೆ ಕಟ್ಟುತ್ತದೆ. ಮೇಲಿನ ಪಟ್ಟಿಯಲ್ಲಿ ಹೆಸರು ಬದಲಾಗಿರುತ್ತದೆ, ಆದರೆ ಅಲ್ಲಿ ಯಾರು ನೋಡುತ್ತಾರೆ? ಹಳೇ ಫೈಲ್ ಕೊನೆಯ ಸಲ ಸೇವ್ ಆದ ಸ್ಥಿತಿಯಲ್ಲೇ ತಣ್ಣಗೆ ಉಳಿಯುತ್ತದೆ.

ನಿಮಗೆ ಬೇಕಾದದ್ದು ‘ಸೇವ್‌ಕಾಪಿಆಸ್’. ಅದು ಒಂದು ಪ್ರತಿ ತೆಗೆದು ಪಕ್ಕಕ್ಕಿಡುತ್ತದೆ, ದಾರ ಮುಟ್ಟುವುದಿಲ್ಲ. ಆದರೆ ಇದಕ್ಕೂ ಅದರದ್ದೇ ತಂಟೆ ಇದೆ. ಒಂದು, ಈಗ ಪರದೆಯ ಮೇಲಿರುವುದೆಲ್ಲ ಪ್ರತಿಯಲ್ಲಿ ಬರುತ್ತದೆ, ಮೂಲ ಮಾತ್ರ ಸೇವ್ ಆಗುವುದಿಲ್ಲ. ಹಾಗಾಗಿ ಮ್ಯಾಕ್ರೋದಲ್ಲಿ ಮೊದಲು ‘ಸೇವ್’, ಮುಂದಿನ ಸಾಲಿಗೆ ‘ಸೇವ್‌ಕಾಪಿಆಸ್’ ಬರೆಯುವುದು ಒಳ್ಳೆಯದು. ಇನ್ನೊಂದು, ಅದೇ ಹೆಸರಿನ ಪ್ರತಿ ಆಗಲೇ ಇದ್ದರೆ ಕೇಳದೆ ಅದರ ಮೇಲೆ ಬರೆಯುತ್ತದೆ, ಅದಕ್ಕೆ ಹೆಸರಿನಲ್ಲಿ ತಾರೀಖಿನ ಜೊತೆ ಗಂಟೆಯೂ ಇರಲಿ. ಕೊನೆಯದಾಗಿ, ಇದಕ್ಕೆ ಫೈಲ್ ಮಾದರಿ ಬದಲಿಸಲು ಬರುವುದಿಲ್ಲ. ಮ್ಯಾಕ್ರೋ ಇರುವ ‘ಎಕ್ಸ್‌ಎಲ್‌ಎಸ್‌ಎಂ’ ಫೈಲನ್ನು ‘ಎಕ್ಸ್‌ಎಲ್‌ಎಸ್‌ಎಕ್ಸ್’ ಅಂತ ಹೆಸರಿಟ್ಟು ಪ್ರತಿ ಮಾಡಿದರೆ ಸುಮ್ನೆ ಮಾಡಿಕೊಡುತ್ತದೆ, ಆಮೇಲೆ ಆ ಪ್ರತಿ ತೆರೆಯುವುದೇ ಇಲ್ಲ. ಬ್ಯಾಕಪ್ ಬೇಕಾದ ದಿನವೇ ಇದು ಗೊತ್ತಾಗುತ್ತದೆ ಅನ್ನುವುದು ಹೊಟ್ಟೆ ಉರಿಸುವ ವಿಷಯ. ಈ ಮ್ಯಾಕ್ರೋ ಬರೆದ ದಿನವೇ ಒಂದು ಪ್ರತಿಯನ್ನು ತೆರೆದು ನೋಡಿಬಿಡಿ.

ಪ್ರಶ್ನೆ: ಪ್ರತಿ ಬೇಡ, ಹೆಸರೇ ಬದಲಾಗಬೇಕು. ಸೆಲ್‌ನಲ್ಲಿರುವ ಬಿಲ್ ನಂಬರ್ ಫೈಲಿನ ಹೆಸರಾಗಬೇಕು, ಹಳೇ ಹೆಸರಿನದು ಉಳಿಯಬಾರದು. ‘ನೇಮ್’ ಅನ್ನುವ ಆಜ್ಞೆ ಹಾಕಿದರೆ ಎರರ್ ಬರುತ್ತಿದೆ.

ಉತ್ತರ: ‘ನೇಮ್’ ಮುಚ್ಚಿರುವ ಫೈಲಿಗೆ ಮಾತ್ರ. ತೆರೆದ ಫೈಲನ್ನು ಎಕ್ಸೆಲ್ ಗಟ್ಟಿಯಾಗಿ ಹಿಡಿದಿರುತ್ತದೆ, ಹೆಸರು ಬದಲಿಸಲು ಬಿಡುವುದಿಲ್ಲ. ನೀವು ಕೂತಿರುವ ಕೊಂಬೆಯನ್ನೇ ಕಡಿಯಲು ಹೊರಟಿದ್ದೀರಿ.

ತೆರೆದ ಫೈಲಿಗೆ ದಾರಿ ಹೀಗಿದೆ. ಈಗಿನ ಪೂರ್ತಿ ಹೆಸರನ್ನು (‘ಫುಲ್‌ನೇಮ್’ ಅಂತ ಸಿಗುತ್ತದೆ) ಒಂದು ವೇರಿಯೇಬಲ್‌ನಲ್ಲಿ (ಮ್ಯಾಕ್ರೋ ಏನನ್ನಾದರೂ ನೆನಪಿಟ್ಟುಕೊಳ್ಳುವ ಹೆಸರಿನ ಡಬ್ಬಿ) ಇಟ್ಟುಕೊಳ್ಳಿ. ಹೊಸ ಹೆಸರಿಗೆ ‘ಸೇವ್‌ಆಸ್’ ಮಾಡಿ. ದಾರ ಹೊಸದಕ್ಕೆ ಹೋಯ್ತು, ಹಳೆಯದನ್ನು ಈಗ ಯಾರೂ ಹಿಡಿದಿಲ್ಲ. ಆಗ ‘ಕಿಲ್’ ಆಜ್ಞೆಯಿಂದ ಅಳಿಸಿ. ಈ ಕ್ರಮ ತಪ್ಪಿಸಬೇಡಿ, ಮೊದಲು ಅಳಿಸಿ ಆಮೇಲೆ ಸೇವ್ ಅನ್ನುವ ಯೋಚನೆಯೇ ಬೇಡ. ಹಳೇ ಹೆಸರೂ ಹೊಸ ಹೆಸರೂ ಒಂದೇ ಆಗಿದ್ದರೆ ಏನೂ ಮಾಡದೆ ಹೊರಗೆ ಬರುವ ಹಾಗೆ ಮೊದಲೇ ಒಂದು ‘ಇಫ್’ ಹಾಕಿ. ಬಿಲ್ ನಂಬರಿನಲ್ಲಿ ಸ್ಲ್ಯಾಶ್ ಇರುವುದು ಬಹಳ ಸಾಮಾನ್ಯ, ಅಲ್ವಾ? ‘ರಿಪ್ಲೇಸ್’ ಬಳಸಿ ಅದನ್ನು ಅಡ್ಡಗೆರೆ ಮಾಡಿಕೊಳ್ಳಿ. ಪ್ರಶ್ನೆ ಚಿಹ್ನೆ, ನಕ್ಷತ್ರ, ಕೋಲನ್, ಕೊಟೇಷನ್, ನೆಟ್ಟಗಿನ ಗೆರೆ, ಇವೂ ನಡೆಯುವುದಿಲ್ಲ.

‘ಕಿಲ್’ ಬಗ್ಗೆ ಒಂದು ಮಾತು. ಅದು ಅಳಿಸಿದ್ದು ರೀಸೈಕಲ್ ಬಿನ್‌ಗೆ ಹೋಗುವುದಿಲ್ಲ, ನೇರ ಹೋಗಿಯೇ ಬಿಡುತ್ತದೆ. ನಕ್ಷತ್ರ ಚಿಹ್ನೆ ಕೊಟ್ಟರೆ ಗುಂಪಾಗಿ ಅಳಿಸುತ್ತದೆ. ನಾನೇ ಒಮ್ಮೆ ಹಳೇ ಪ್ರತಿಗಳನ್ನು ಗುಡಿಸೋಣ ಅಂತ ಹೆಸರಿನ ವೇರಿಯೇಬಲ್ ಪಕ್ಕ ನಕ್ಷತ್ರ ಹಾಕಿದೆ. ವೇರಿಯೇಬಲ್ ಖಾಲಿ ಇತ್ತು. ಉಳಿದದ್ದು ಬರೀ ನಕ್ಷತ್ರ, ಅಂದರೆ ಫೋಲ್ಡರ್‌ನಲ್ಲಿದ್ದ ಎಲ್ಲವೂ. ಕಂಟ್ರೋಲ್ ಜೆಡ್ ಒತ್ತಿಕೊಂಡು ಕೂತೆ, ಏನು ಪ್ರಯೋಜನ. ಅಂದಿನಿಂದ ನಾನು ‘ಕಿಲ್’ ಬರೆಯುವುದಿಲ್ಲ, ‘ಹಳೆಯದು’ ಅನ್ನುವ ಫೋಲ್ಡರ್‌ಗೆ ‘ನೇಮ್’ ಬಳಸಿ ಸಾಗಿಸುತ್ತೇನೆ. ಹೌದು, ಹೊಸ ಹೆಸರಿನಲ್ಲಿ ಬೇರೆ ಫೋಲ್ಡರ್ ಕೊಟ್ಟರೆ ‘ನೇಮ್’ ಫೈಲನ್ನು ಅಲ್ಲಿಗೆ ಒಯ್ದು ಇಡುತ್ತದೆ. ಫೋಲ್ಡರ್ ಮಾತ್ರ ಮೊದಲೇ ಇರಬೇಕು.

ಒಂದೇ ಸಲ ನೂರಾರು ಫೈಲಿಗೆ ಹೆಸರು ಬದಲಿಸಬೇಕು ಅಂತ ಇನ್ನೊಬ್ಬರು ಕೇಳಿದ್ದಾರೆ. ಎ ಕಾಲಂನಲ್ಲಿ ಹಳೇ ಹೆಸರು, ಬಿ ಕಾಲಂನಲ್ಲಿ ಹೊಸದು ಬರೆದುಕೊಂಡು ಒಂದೊಂದೇ ಸಾಲಿಗೆ ‘ನೇಮ್’ ಓಡಿಸಿ, ಆದದ್ದಕ್ಕೆ ಸಿ ಕಾಲಂನಲ್ಲಿ ಗುರುತು ಹಾಕಿಸಿ. 53 ಎರರ್ ಬಂದರೆ ಹಳೇ ಫೈಲ್ ಇಲ್ಲ ಅಂತ, 58 ಬಂದರೆ ಹೊಸ ಹೆಸರಿನದು ಆಗಲೇ ಇದೆ ಅಂತ. ಫೋಲ್ಡರ್‌ನಲ್ಲಿರುವ ಹೆಸರುಗಳನ್ನು ‘ಡೈರ್’ ಬಳಸಿ ಒಂದೊಂದಾಗಿ ತೆಗೆಯುತ್ತಾ ಅಲ್ಲೇ ಬದಲಿಸುತ್ತಾ ಹೋದರೆ, ಈಗಷ್ಟೇ ಹೆಸರು ಬದಲಾದ ಫೈಲ್ ಮತ್ತೆ ಕೈಗೆ ಬರಬಹುದು. ಪಟ್ಟಿ ಪೂರ್ತಿ ತೆಗೆದ ಮೇಲೆ ಬದಲಿಸಲು ಶುರು ಮಾಡಿ. ಬೇರೆ ವರ್ಕ್‌ಬುಕ್‌ನ ಫಾರ್ಮುಲಾ ಈ ಫೈಲ್‌ಗಳನ್ನು ನೋಡುತ್ತಿದ್ದರೆ ಅದಕ್ಕೆ ಹೊಸ ಹೆಸರು ತಾನಾಗಿ ಗೊತ್ತಾಗುವುದಿಲ್ಲ, ‘ಎಡಿಟ್ ಲಿಂಕ್ಸ್’ನಲ್ಲಿ ನೀವೇ ತೋರಿಸಬೇಕು.

ಪ್ರಶ್ನೆ: ಫೈಲಿನ ಹೆಸರು ಕನ್ನಡದಲ್ಲಿ ಬೇಕು. ಎಡಿಟರ್‌ನಲ್ಲಿ ಕನ್ನಡ ಟೈಪ್ ಮಾಡಿದರೆ ಬರೀ ಪ್ರಶ್ನೆ ಚಿಹ್ನೆಗಳು. ಫಾಂಟ್ ಬದಲಿಸಿದರೂ ಹಾಗೇ.

ಉತ್ತರ: ಫಾಂಟ್‌ನ ತಪ್ಪಲ್ಲ. ಎಕ್ಸೆಲ್‌ಗೆ ಕನ್ನಡ ಚೆನ್ನಾಗಿ ಬರುತ್ತದೆ, ಮ್ಯಾಕ್ರೋ ಬರೆಯುವ ಎಡಿಟರ್‌ಗೆ ಬರುವುದಿಲ್ಲ. ಮ್ಯಾಕ್ರೋ ಬರೆಯುವ ಭಾಷೆಯಾದ ಈ ವಿಬಿಎ ಅನ್ನುವುದು 1993ರಲ್ಲಿ ಎಕ್ಸೆಲ್ 5ರ ಜೊತೆ ಬಂದದ್ದು. ಅದರ ಎಡಿಟರ್ ಇನ್ನೂ ವಿಂಡೋಸ್‌ನ ಹಳೇ ಕೋಡ್ ಪೇಜ್ (ಕೆಲವೇ ಭಾಷೆಗಳ ಅಕ್ಷರ ಹಿಡಿಯುವ ಪಟ್ಟಿ) ಪದ್ಧತಿಯಲ್ಲೇ ಅಕ್ಷರ ಓದುತ್ತದೆ. ಕನ್ನಡಕ್ಕೆ ಆ ತರಹದ ಕೋಡ್ ಪೇಜ್ ಇಲ್ಲ, ನಮ್ಮ ಲಿಪಿ ಯೂನಿಕೋಡ್‌ನಲ್ಲಿ ಮಾತ್ರ ಇದೆ. ಗೊತ್ತಿಲ್ಲದ ಅಕ್ಷರಕ್ಕೆಲ್ಲ ಅದು ಒಂದೊಂದು ಪ್ರಶ್ನೆ ಚಿಹ್ನೆ ಇಟ್ಟು ಕೈ ತೊಳೆದುಕೊಳ್ಳುತ್ತದೆ.

ಖುಷಿಯ ವಿಷಯ ಏನೆಂದರೆ ಒಳಗೆ ಓಡುವಾಗ ಕನ್ನಡ ಕೆಡುವುದಿಲ್ಲ, ಬಾಗಿಲುಗಳಷ್ಟೇ ಚಿಕ್ಕವು. ಹಾಗಾಗಿ ಹೆಸರನ್ನು ಕೋಡ್‌ನಲ್ಲಿ ಬರೆಯಲೇಬೇಡಿ. ಒಂದು ಸೆಲ್‌ನಲ್ಲಿ ಕನ್ನಡದಲ್ಲಿ ಬರೆದಿಡಿ, ಮ್ಯಾಕ್ರೋ ಆ ಸೆಲ್ ಓದಲಿ. ‘ಸೇವ್‌ಆಸ್’ ಕನ್ನಡ ಹೆಸರಲ್ಲಿ ಸರಿಯಾಗಿ ಸೇವ್ ಮಾಡುತ್ತದೆ. ‘ಮೆಸೇಜ್‌ಬಾಕ್ಸ್’ನಲ್ಲಿ ಆ ಹೆಸರು ತೋರಿಸಿ ಪರೀಕ್ಷೆ ಮಾಡಲು ಹೋದರೆ ಮತ್ತೆ ಪ್ರಶ್ನೆ ಚಿಹ್ನೆ ಕಂಡೀತು, ಹೆದರಬೇಡಿ, ಹೆಸರು ಕೆಟ್ಟಿಲ್ಲ. ಸೆಲ್ ಬೇಡ ಅನ್ನುವವರಿಗೆ ‘ಸಿಎಚ್‌ಆರ್‌ಡಬ್ಲ್ಯೂ’ ಇದೆ, ಅಕ್ಷರದ ಸಂಖ್ಯೆ ಕೊಟ್ಟರೆ ಅಕ್ಷರ ಕೊಡುತ್ತದೆ. ‘ಕ’ ಬೇಕಾದರೆ 3221. ಇಡೀ ಹೆಸರನ್ನು ಹೀಗೆ ಬರೆಯುವ ತಾಳ್ಮೆ ನನಗಂತೂ ಇಲ್ಲ.

ಇನ್ನೊಂದು ಗುಂಡಿ ಇದೆ. ‘ಡೈರ್’, ‘ನೇಮ್’, ‘ಕಿಲ್’ ಮೂರೂ ಹಳೇ ಕಾಲದವು, ಕನ್ನಡ ಹೆಸರಿನ ಫೈಲ್ ಅವುಗಳ ಕಣ್ಣಿಗೆ ಬೀಳುವುದಿಲ್ಲ. ವಿಂಡೋಸ್‌ನಲ್ಲಿ ಅವುಗಳ ಬದಲು ‘ಫೈಲ್‌ಸಿಸ್ಟಂಆಬ್ಜೆಕ್ಟ್’ ಬಳಸಿ. ಫೈಲ್ ಇದೆಯೇ ಅಂತ ನೋಡಲು ಅದರಲ್ಲಿ ‘ಫೈಲ್‌ಎಕ್ಸಿಸ್ಟ್ಸ್’ ಇದೆ, ಹೆಸರು ಬದಲಿಸಲು ‘ಮೂವ್‌ಫೈಲ್’.

ಪ್ರಶ್ನೆ: ಸೇವ್ ಮಾಡಿದ ಮೇಲೆ ಹೊಸ ಫೈಲಿನಲ್ಲಿ ಮ್ಯಾಕ್ರೋನೇ ಇಲ್ಲ.

ಉತ್ತರ: ‘ಎಕ್ಸ್‌ಎಲ್‌ಎಸ್‌ಎಕ್ಸ್’ನಲ್ಲಿ ಮ್ಯಾಕ್ರೋ ನಿಲ್ಲುವುದಿಲ್ಲ. ‘ಸೇವ್‌ಆಸ್’ಗೆ ‘ಫೈಲ್‌ಫಾರ್ಮ್ಯಾಟ್’ 52 ಅಂತ ಕೊಡಿ, ಕೊನೆಗೆ ‘ಎಕ್ಸ್‌ಎಲ್‌ಎಸ್‌ಎಂ’ ಇರಲಿ. ಮ್ಯಾಕ್ರೋ ಇಲ್ಲದ್ದೇ ಬೇಕಾದರೆ 51. ಸಂಖ್ಯೆ ಒಂದು, ಬಾಲ ಇನ್ನೊಂದು ಆದರೆ 1004 ಬರುತ್ತದೆ.

ಪ್ರಶ್ನೆ: ಹೆಸರು ಕೇಳುವ ಕಿಟಕಿ ಬರಲಿ ಅಂತ ‘ಗೆಟ್‌ಸೇವ್‌ಆಸ್‌ಫೈಲ್‌ನೇಮ್’ ಹಾಕಿದೆ. ಫೋಲ್ಡರ್ ತುಂಬ ‘ಫಾಲ್ಸ್’ ಅನ್ನುವ ಫೈಲ್ ಯಾಕೆ ಬರುತ್ತಿದೆ?

ಉತ್ತರ: ಆ ಆಜ್ಞೆ ಹೆಸರು ಕೇಳುತ್ತದೆ ಅಷ್ಟೇ, ಸೇವ್ ಮಾಡುವುದಿಲ್ಲ. ಯಾರಾದರೂ ಕ್ಯಾನ್ಸಲ್ ಒತ್ತಿದರೆ ಹೆಸರಿನ ಬದಲು ‘ಫಾಲ್ಸ್’ ಅನ್ನುವ ಉತ್ತರ ಕೊಡುತ್ತದೆ. ನಿಮ್ಮ ಮುಂದಿನ ಸಾಲು ಅದನ್ನೇ ಹೆಸರು ಅಂದುಕೊಂಡು ಸೇವ್ ಮಾಡುತ್ತಿದೆ. ಉತ್ತರವನ್ನು ‘ವೇರಿಯಂಟ್’ (ಯಾವ ಬಗೆಯ ಉತ್ತರವನ್ನಾದರೂ ಹಿಡಿಯುವ) ವೇರಿಯೇಬಲ್‌ಗೆ ಹಾಕಿಕೊಂಡು, ‘ಫಾಲ್ಸ್’ ಬಂದರೆ ಅಲ್ಲೇ ಹೊರಗೆ ಬನ್ನಿ.

ಪ್ರಶ್ನೆ: ಎಲ್ಲ ಫೈಲಿಗೂ ಸಿಗಲಿ ಅಂತ ಮ್ಯಾಕ್ರೋವನ್ನು ಪರ್ಸನಲ್ ವರ್ಕ್‌ಬುಕ್‌ನಲ್ಲಿ ಇಟ್ಟೆ. ಈಗ ಸೇವ್ ಆಗುವ ಪ್ರತಿ ತೆರೆಯುವುದೇ ಇಲ್ಲ.

ಉತ್ತರ: ಕೋಡ್‌ನಲ್ಲಿ ‘ದಿಸ್‌ವರ್ಕ್‌ಬುಕ್’ ಅಂತ ಇದೆ ಅಲ್ವಾ? ಅದರ ಅರ್ಥ ಎದುರಿಗಿರುವ ಫೈಲ್ ಅಲ್ಲ, ಕೋಡ್ ಕೂತಿರುವ ಫೈಲ್. ಅಂದರೆ ನೀವು ಇಷ್ಟು ದಿನ ಪರ್ಸನಲ್ ವರ್ಕ್‌ಬುಕ್ಕಿನ ಪ್ರತಿಯನ್ನೇ ಭಕ್ತಿಯಿಂದ ಬ್ಯಾಕಪ್ ಮಾಡುತ್ತಿದ್ದೀರಿ. ಅದರ ಫೈಲ್ ಮಾದರಿ ಬೇರೆ, ನೀವಿಟ್ಟ ಹೆಸರಿನ ಬಾಲ ಬೇರೆ, ಅದಕ್ಕೇ ತೆರೆಯುವುದಿಲ್ಲ. ‘ಆಕ್ಟಿವ್‌ವರ್ಕ್‌ಬುಕ್’ ಅಂತ ಬದಲಿಸಿ.

ಪ್ರಶ್ನೆ: ನಾನು ಲಿಬ್ರೆಆಫೀಸ್ ಬಳಸುತ್ತೇನೆ, ಮನೆಯವರು ಗೂಗಲ್ ಶೀಟ್ಸ್. ನಮಗೇನೂ ಇಲ್ಲವೇ?

ಉತ್ತರ: ಇದೆ. ಲಿಬ್ರೆಆಫೀಸ್‌ನಲ್ಲಿ ‘ಸ್ಟೋರ್‌ಆಸ್‌ಯುಆರ್‌ಎಲ್’ ಅಂದರೆ ದಾರ ಹೊಸದಕ್ಕೆ ಹೋಗುತ್ತದೆ, ‘ಸ್ಟೋರ್‌ಟುಯುಆರ್‌ಎಲ್’ ಅಂದರೆ ಪ್ರತಿ ಮಾತ್ರ. ಫೈಲಿನ ದಾರಿಯನ್ನು ‘ಕನ್ವರ್ಟ್‌ಟುಯುಆರ್‌ಎಲ್’ ಮೂಲಕ ಕೊಡಿ. ಗೂಗಲ್ ಶೀಟ್ಸ್‌ನಲ್ಲಿ ಸೇವ್ ಅನ್ನುವುದೇ ಬೇಕಿಲ್ಲ. ಅದರ ಮ್ಯಾಕ್ರೋ ಬರೆಯುವ ಆಪ್ಸ್ ಸ್ಕ್ರಿಪ್ಟ್‌ನಲ್ಲಿ ಹೆಸರು ಬದಲಿಸಲು ‘ರಿನೇಮ್’, ಪ್ರತಿಗೆ ‘ಮೇಕ್‌ಕಾಪಿ’. ಅಲ್ಲಿ ಫೈಲನ್ನು ಗುರುತಿಸುವುದು ಅದರ ಐಡಿ, ಹೆಸರಲ್ಲ. ಅದಕ್ಕೇ ಒಂದೇ ಹೆಸರಿನ ಹತ್ತು ಪ್ರತಿ ಒಂದೇ ಫೋಲ್ಡರ್‌ನಲ್ಲಿ ಇರಬಹುದು, ಒಂದೂ ಇನ್ನೊಂದರ ಮೇಲೆ ಬೀಳುವುದಿಲ್ಲ. ಮೊದಲ ಪ್ರಶ್ನೆ ಕೇಳಿದವರಿಗೆ ಇದನ್ನು ಓದಿ ಸ್ವಲ್ಪ ಹೊಟ್ಟೆಕಿಚ್ಚು ಆಗಬಹುದು.