ಎರಡು ಜಿಲ್ಲೆಯಷ್ಟು ಜನ, ವಿಶ್ವಕಪ್ ಫೈನಲ್!

ಪ್ರಶ್ನೆ: ಸರ್, ನಮ್ಮ ರಾಬರ್ಟ್‌ಸನ್‌ಪೇಟೆಯಲ್ಲಿ ಸಂಜೆ ಫುಟ್‌ಬಾಲ್ ಆಡುವ ಹುಡುಗರ ಮಧ್ಯೆ ದಿನಾ ಇದೇ ಜಗಳ. ಕ್ರೊಯೇಷ್ಯಾದಂಥ ಪುಟ್ಟ ದೇಶ ವಿಶ್ವಕಪ್ ಫೈನಲ್ ತಲುಪುತ್ತದೆ. ದುಡ್ಡು, ಸ್ಟಾರ್‌ಗಳು ಎಲ್ಲ ಇದ್ದ ಇಂಗ್ಲೆಂಡ್ ಎಷ್ಟೋ ಸಲ ಅರ್ಧಕ್ಕೇ ಮನೆಗೆ ಹೋಗಿದೆ. ಇದು ಬರೀ ಅದೃಷ್ಟವಾ?
– ಓದುಗ, ಕೆಜಿಎಫ್

ಉತ್ತರ: ಮೊದಲು ಒಂದು ಲೆಕ್ಕ ಹಾಕೋಣ. ತುಮಕೂರು ಜಿಲ್ಲೆಯ ಜನಸಂಖ್ಯೆಗೆ ಚಿಕ್ಕಬಳ್ಳಾಪುರ ಜಿಲ್ಲೆಯದನ್ನು ಕೂಡಿಸಿ. 2011ರ ಜನಗಣತಿ ಪ್ರಕಾರ ಸುಮಾರು 39 ಲಕ್ಷ ಆಗುತ್ತದೆ. ಇಡೀ ಕ್ರೊಯೇಷ್ಯಾ ದೇಶದಲ್ಲಿರುವುದೂ ಹೆಚ್ಚುಕಮ್ಮಿ ಅಷ್ಟೇ ಜನ. ಆ ದೇಶ ವಿಶ್ವಕಪ್‌ನಲ್ಲಿ 1998ರಲ್ಲಿ ಮೂರನೇ ಸ್ಥಾನ, 2018ರಲ್ಲಿ ಎರಡನೇ ಸ್ಥಾನ, 2022ರಲ್ಲಿ ಮತ್ತೆ ಮೂರನೇ ಸ್ಥಾನ ಪಡೆಯಿತು. ಅದೃಷ್ಟ ಒಂದು ಸಲ ಬರಬಹುದು. ಹೀಗೆ ಮೂರು ಸಲ ಬಂದು ಬಾಗಿಲು ತಟ್ಟುವುದಿಲ್ಲ, ಅಲ್ವಾ?

ನಾನು ಮಕ್ಕಳಿಗೆ ಆಟ ಕಲಿಸಿದವನು. ನನ್ನನ್ನು ಕೇಳಿದರೆ, ದೊಡ್ಡ ಟೂರ್ನಿಯಲ್ಲಿ ಗೆಲ್ಲಿಸುವುದು ಹೊಂದಾಣಿಕೆ. ಸ್ಟಾರ್‌ಗಳ ಎಣಿಕೆ ಆಮೇಲಿನ ಮಾತು. ಕ್ಲಬ್ ಕೋಚ್ ಕೈಯಲ್ಲಿ ಆಟಗಾರರು ವರ್ಷದ ಹತ್ತು ತಿಂಗಳು ಇರುತ್ತಾರೆ. ದೇಶದ ಕೋಚ್‌ಗೆ ಅವರು ಸಿಗುವುದು ವರ್ಷದಲ್ಲಿ ಕೆಲವೇ ಸಲ, ಅದೂ ಬೆರಳೆಣಿಕೆಯ ದಿನ. ಬೇರೆ ಬೇರೆ ಊರಿನ ಅಡುಗೆ ಭಟ್ಟರನ್ನು ಬೆಳಿಗ್ಗೆ ಒಂದು ಕಡೆ ಸೇರಿಸಿ, ಮಧ್ಯಾಹ್ನಕ್ಕೆ ಸಾವಿರ ಎಲೆ ಹಾಕಬೇಕು ಅಂದಹಾಗೆ. ಒಬ್ಬೊಬ್ಬರೂ ಎತ್ತಿದ ಕೈ. ಆದರೆ ಉಪ್ಪು ಹಾಕಿದ್ದು ಯಾರು, ಹಾಕದೇ ಬಿಟ್ಟಿದ್ದು ಯಾರು ಅಂತ ಯಾರಿಗೂ ಗೊತ್ತಿರುವುದಿಲ್ಲ.

ಹಾಗಾಗಿ ಮೊದಲೇ ಒಟ್ಟಿಗೆ ಆಡಿದವರು ಇರುವ ತಂಡಕ್ಕೆ ಅನುಕೂಲ ಜಾಸ್ತಿ. 2010ರ ಫೈನಲ್‌ನಲ್ಲಿ ಸ್ಪೇನ್ ಇಳಿಸಿದ ಹನ್ನೊಂದು ಜನರಲ್ಲಿ ಆರು ಮಂದಿ ಬಾರ್ಸಿಲೋನಾ ಕ್ಲಬ್‌ನವರು. ಶಾವಿ ತಲೆ ಎತ್ತುವ ಮೊದಲೇ ಇನಿಯೆಸ್ಟಾ ಎಲ್ಲಿ ನಿಂತಿರುತ್ತಾರೆ ಅಂತ ಅವರಿಗೆ ಗೊತ್ತಿತ್ತು. 2014ರ ಫೈನಲ್‌ನಲ್ಲಿ ಜರ್ಮನಿಯ ಹನ್ನೊಂದರಲ್ಲೂ ಆರು ಜನ ಬಯರ್ನ್ ಮ್ಯೂನಿಕ್‌ನವರೇ. ಬದಲಿಯಾಗಿ ಬಂದು ಗೆಲುವಿನ ಗೋಲು ಹೊಡೆದ ಗೊಟ್ಜೆ ಕೂಡ ಆಗ ಅದೇ ಕ್ಲಬ್.

ಈಗ ಇಂಗ್ಲೆಂಡ್ ನೋಡಿ. ಜೆರಾರ್ಡ್, ಲ್ಯಾಂಪಾರ್ಡ್, ಫರ್ಡಿನೆಂಡ್, ರೂನಿ ಎಲ್ಲ ಇದ್ದ ಕಾಲ. ಯುರೋಪ್ ದೇಶಗಳ ಟೂರ್ನಿಯಾದ ಯೂರೋ ಕಪ್ 2004ರಲ್ಲಿ, ವಿಶ್ವಕಪ್ 2006ರಲ್ಲಿ, ಎರಡರಲ್ಲೂ ಕ್ವಾರ್ಟರ್ ಫೈನಲ್‌ನಲ್ಲೇ ಹೊರಗೆ. 2008ರ ಯೂರೋ ಕಪ್‌ಗೆ ಅರ್ಹತೆಯೇ ಸಿಗಲಿಲ್ಲ. ಕ್ಲಬ್‌ಗಳ ಹಗೆತನ ದೇಶದ ಕ್ಯಾಂಪ್‌ವರೆಗೂ ಬರುತ್ತಿತ್ತು ಎಂದು ಆ ಆಟಗಾರರೇ ನಿವೃತ್ತಿಯ ನಂತರ ಹೇಳಿಕೊಂಡರು.

ದೂರ ಯಾಕೆ ಹೋಗಬೇಕು? ನಮ್ಮ ದೇಶ 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನ ಪಡೆದಿತ್ತು. 1962ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ದಕ್ಷಿಣ ಕೊರಿಯಾವನ್ನು 2–1ರಿಂದ ಸೋಲಿಸಿ ಚಿನ್ನ ಗೆದ್ದಿತ್ತು. ಎರಡೂ ಸಲ ಕೋಚ್ ಸೈಯದ್ ಅಬ್ದುಲ್ ರಹೀಂ. ಅವರು ಹೈದರಾಬಾದ್ ಸಿಟಿ ಪೊಲೀಸ್ ತಂಡವನ್ನು ಬೆಳೆಸಿದವರು. ತಾವೇ ತಿದ್ದಿ ತೀಡಿದ ಹುಡುಗರನ್ನು ದೇಶದ ತಂಡಕ್ಕೂ ತಂದರು.

ಇನ್ನೊಂದು ಗುಟ್ಟು ನಮ್ಮ ಹುಡುಗರಿಗೆ ಇಷ್ಟ ಆಗಲ್ಲ, ಆದರೂ ಹೇಳುತ್ತೇನೆ. ಇಂಥ ಟೂರ್ನಿಗಳಲ್ಲಿ ಗೋಲು ಹೊಡೆಯುವುದಕ್ಕಿಂತ ಬಿಟ್ಟುಕೊಡದೆ ಇರುವುದು ದೊಡ್ಡದು. 2010ರಲ್ಲಿ ಸ್ಪೇನ್ ಏಳು ಮ್ಯಾಚ್‌ಗಳಲ್ಲಿ ಹೊಡೆದದ್ದು ಎಂಟೇ ಗೋಲು. ಮೊದಲ ಮ್ಯಾಚ್ ಸೋತಿತ್ತು. ಕೊನೆಯ ನಾಲ್ಕನ್ನೂ 1–0 ಅಂತರದಲ್ಲಿ ಗೆದ್ದಿತು. 2004ರ ಯೂರೋದಲ್ಲಿ ಗ್ರೀಸ್ ಫ್ರಾನ್ಸ್, ಜೆಕ್, ಪೋರ್ಚುಗಲ್ ಮೂರನ್ನೂ ಹಾಗೆಯೇ 1–0 ಅಂತ ಮಣಿಸಿ ಕಪ್ ಎತ್ತಿತು. 2022ರಲ್ಲಿ ಸೆಮಿಫೈನಲ್ ತಲುಪುವ ತನಕ ಮೊರಾಕೊ ಬಿಟ್ಟದ್ದು ಒಂದೇ ಗೋಲು, ಅದೂ ತನ್ನವನೇ ಹೊಡೆದುಕೊಂಡದ್ದು! ದಾಳಿಯ ಹೆಣಿಗೆ ಕೂಡಿಬರಲು ತಿಂಗಳುಗಟ್ಟಲೆ ಬೇಕು. ಡಿಫೆನ್ಸ್‌ನ ಸಾಲು ಕಟ್ಟುವುದನ್ನು ಮೂರು ವಾರದ ಕ್ಯಾಂಪ್‌ನಲ್ಲೂ ಕಲಿಸಬಹುದು. ಚಿಕ್ಕ ದೇಶದ ಜಾಣ ಕೋಚ್‌ಗಳು ಹಿಡಿಯುವುದು ಈ ದಾರಿಯನ್ನೇ.

ಮತ್ತೆ, ಆಟಗಾರರು ಮೇಲಿಂದ ಉದುರುವುದಿಲ್ಲ ಎನ್ನುವುದೂ ಇದೆ. ಐಸ್‌ಲ್ಯಾಂಡ್ ಅಂದರೆ ನಮ್ಮ ತುಮಕೂರು ನಗರದಷ್ಟು ಜನ. ಚಳಿಗಾಲದಲ್ಲಿ ಹೊರಗೆ ಆಡೋಕಾಗಲ್ಲ ಅಂತ ಅವರು ಸೂರು ಹಾಕಿದ ಮೈದಾನಗಳನ್ನೇ ಕಟ್ಟಿದರು. ಪುಟ್ಟ ಮಕ್ಕಳಿಗೂ ತರಬೇತಾದ ಕೋಚ್ ಸಿಗುವಂತೆ ಮಾಡಿದರು. 2016ರ ಯೂರೋದಲ್ಲಿ ಇಂಗ್ಲೆಂಡ್ ಸೋತದ್ದು ಆ ದೇಶಕ್ಕೇ, 2–1.

ಪ್ರಶ್ನೆ: ಸ್ವಂತ ನೆಲದಲ್ಲಿ ಆಡಿದರೆ ಗೆಲ್ಲುವುದು ಸುಲಭ ಅಂತಾರೆ. ನಿಜವಾ?
– ಓದುಗರು, ಚಿಕ್ಕಬಳ್ಳಾಪುರ

ಉತ್ತರ: ಅರ್ಧ ನಿಜ. 2022ರ ತನಕ ನಡೆದ 22 ವಿಶ್ವಕಪ್‌ಗಳಲ್ಲಿ ಆತಿಥೇಯ ದೇಶ ಗೆದ್ದದ್ದು ಆರು ಸಲ. ಕೊನೆಯದು 1998ರ ಫ್ರಾನ್ಸ್. ಆಮೇಲೆ ಯಾರಿಗೂ ಆಗಿಲ್ಲ. ಕತಾರ್ ಅಂತೂ 2022ರಲ್ಲಿ ತನ್ನ ಮನೆಯಲ್ಲೇ ಮೂರಕ್ಕೆ ಮೂರೂ ಸೋತಿತು. ಜನರ ಕೂಗು ಒಳ್ಳೆಯ ತಂಡವನ್ನು ಮೇಲಕ್ಕೆತ್ತುತ್ತದೆ, ಸಾಧಾರಣ ತಂಡದ ಕಾಲು ನಡುಗಿಸುತ್ತದೆ.

ನೆಲದ ನಿಜವಾದ ಲಾಭ ನೋಡಬೇಕಾದರೆ ಬೊಲಿವಿಯಾದ ಲಾ ಪಾಜ್ ನೋಡಬೇಕು. ನಮ್ಮ ನಂದಿಬೆಟ್ಟದ ಮೇಲೆ ಒಂದು ನಂದಿಬೆಟ್ಟ, ಅದರ ಮೇಲೆ ಇನ್ನರ್ಧ ಇಟ್ಟರೆ ಎಷ್ಟೋ ಅಷ್ಟು ಎತ್ತರ, ಸುಮಾರು 3,600 ಮೀಟರ್. ಗಾಳಿ ತೆಳುವಾಗಿರುತ್ತದೆ. ಬಂದವರು ಅರ್ಧ ಗಂಟೆಗೇ ಏದುಸಿರು ಬಿಡುತ್ತಾರೆ. 2009ರಲ್ಲಿ ಮರಡೋನಾ ಕೋಚ್ ಆಗಿದ್ದ, ಮೆಸ್ಸಿ ಆಡಿದ್ದ ಅರ್ಜೆಂಟೀನಾ ಅಲ್ಲಿ 6–1ರಿಂದ ಸೋತಿತ್ತು. ಆದರೆ ಇದು ಅರ್ಹತಾ ಸುತ್ತಿನ ಮಟ್ಟಿಗೆ ಮಾತ್ರ. ಬೆಟ್ಟವನ್ನು ಹೆಗಲ ಮೇಲೆ ಹೊತ್ತು ವಿಶ್ವಕಪ್‌ಗೆ ಹೋಗೋಕಾಗುತ್ತಾ?

ಪ್ರಶ್ನೆ: ಪೆನಾಲ್ಟಿ ಶೂಟೌಟ್ ಲಾಟರಿ ಅಲ್ಲದೆ ಇನ್ನೇನು?
– ಕಾಲೇಜು ವಿದ್ಯಾರ್ಥಿನಿ, ತುಮಕೂರು

ಉತ್ತರ: ಹೆಚ್ಚುವರಿ ಅವಧಿಯಲ್ಲೂ ಮ್ಯಾಚ್ ಸಮವಾದರೆ, ಗೋಲ್‌ಕೀಪರ್ ಎದುರು ಒಬ್ಬೊಬ್ಬರಾಗಿ ಚೆಂಡು ಒದ್ದು ಗೆಲುವು ತೀರ್ಮಾನಿಸುವುದೇ ಶೂಟೌಟ್. ಲಾಟರಿ ಅಂತ ಜಾಸ್ತಿ ಹೇಳುವವರು ಸೋತವರು, ಗಮನಿಸಿ ನೋಡಮ್ಮಾ. ಕ್ರೊಯೇಷ್ಯಾ 2018ರಲ್ಲಿ ಡೆನ್ಮಾರ್ಕ್, ರಷ್ಯಾವನ್ನೂ 2022ರಲ್ಲಿ ಜಪಾನ್, ಬ್ರೆಜಿಲ್ ತಂಡಗಳನ್ನೂ ಹೀಗೇ ದಾಟಿತು. ಇಂಗ್ಲೆಂಡ್‌ಗೆ ವಿಶ್ವಕಪ್‌ನಲ್ಲಿ ಮೊದಲ ಶೂಟೌಟ್ ಗೆಲುವು ಸಿಕ್ಕಿದ್ದು 2018ರಲ್ಲಿ, ಕೊಲಂಬಿಯಾ ವಿರುದ್ಧ. ಆಗ ಕೋಚ್ ಆಗಿದ್ದ ಸೌತ್‌ಗೇಟ್ 1996ರ ಯೂರೋದಲ್ಲಿ ತಾನೇ ಪೆನಾಲ್ಟಿ ತಪ್ಪಿಸಿ ದೇಶ ಸೋಲುವುದನ್ನು ಕಂಡವರು. ಅದಕ್ಕೇ ಹುಡುಗರಿಂದ ತಿಂಗಳುಗಟ್ಟಲೆ ಅಭ್ಯಾಸ ಮಾಡಿಸಿದ್ದರು. ವಿಸಿಲ್ ಆದ ತಕ್ಷಣ ಗಾಬರಿಯಲ್ಲಿ ಓಡಬೇಡಿ, ಉಸಿರು ಎಳೆದುಕೊಳ್ಳಿ ಎಂಬುದೂ ಅದರಲ್ಲಿ ಸೇರಿತ್ತು.

ನನಗೆ ಮಜಾ ಅನ್ನಿಸುವುದು 2014ರ ಕತೆ. ಕೋಸ್ಟಾರಿಕಾ ಎದುರಿನ ಕ್ವಾರ್ಟರ್ ಫೈನಲ್‌ನಲ್ಲಿ, ಹೆಚ್ಚುವರಿ ಅವಧಿಯ ಕೊನೇ ನಿಮಿಷಕ್ಕೆ ನೆದರ್ಲೆಂಡ್ಸ್ ಕೋಚ್ ವಾನ್ ಗಾಲ್ ಗೋಲ್‌ಕೀಪರನ್ನೇ ಬದಲಿಸಿದರು. ಬಂದ ಟಿಮ್ ಕ್ರುಲ್ ಎರಡು ಪೆನಾಲ್ಟಿ ತಡೆದು ಗೆಲ್ಲಿಸಿದರು. ಮುಂದಿನ ಮ್ಯಾಚ್ ಅರ್ಜೆಂಟೀನಾ ಜೊತೆ. ಅದೂ ಶೂಟೌಟ್‌ಗೇ ಹೋಯಿತು. ಅಷ್ಟರಲ್ಲಿ, ಆಗ ಒಂದು ಮ್ಯಾಚ್‌ಗೆ ಅವಕಾಶವಿದ್ದ ಮೂರೂ ಆಟಗಾರರ ಬದಲಾವಣೆ ಮುಗಿದಿದ್ದವು. ಕ್ರುಲ್ ಬೆಂಚ್ ಮೇಲೇ ಕೂತಿದ್ದರು, ನೆದರ್ಲೆಂಡ್ಸ್ 4–2ರಿಂದ ಸೋತಿತು.