ಶೋಪೆನ್‌ಹೌವರ್ ಓದಿದ್ದು ಯಾವ ಉಪನಿಷತ್ತು?

ಜರ್ಮನಿಯ ತತ್ತ್ವಜ್ಞಾನಿ ಶೋಪೆನ್‌ಹೌವರ್‌ಗೆ ಸಂಸ್ಕೃತ ಬರುತ್ತಿತ್ತೇ, ಅವನ ತತ್ತ್ವ ಉಪನಿಷತ್ತಿನಿಂದಲೇ ಹುಟ್ಟಿದ್ದೇ ಎಂದು ಕೇಳಿದ್ದೀರಿ. ಸಂಸ್ಕೃತ ಬರುತ್ತಿರಲಿಲ್ಲ. ಅವನ ಕೈಗೆ ಬಂದದ್ದು ಅನುವಾದದ ಅನುವಾದ. 1657ರಲ್ಲಿ ಮೊಗಲ್ ರಾಜಕುಮಾರ ದಾರಾ ಶಿಕೋ ಕಾಶಿಯ ಪಂಡಿತರ ನೆರವಿನಿಂದ ಐವತ್ತು ಉಪನಿಷತ್ತುಗಳನ್ನು ಪಾರಸಿಗೆ ತಂದ. ಅದನ್ನು ಫ್ರಾನ್ಸಿನ ಆಂಕೆಟಿಲ್ ದ್ಯುಪೆರಾನ್ ಲ್ಯಾಟಿನ್ನಿಗೆ ತಿರುಗಿಸಿ 1801-02ರಲ್ಲಿ 'ಔಪ್ನೆಖತ್' ಎಂದು ಅಚ್ಚು ಹಾಕಿಸಿದ. 1814ರಲ್ಲಿ ವೈಮರ್ ಗ್ರಂಥಾಲಯದಿಂದ ಆ ಪುಸ್ತಕ ತಂದಾಗ ಶೋಪೆನ್‌ಹೌವರ್‌ಗೆ ಇಪ್ಪತ್ತಾರು ವರ್ಷ. ಮೂಲದ ಜೊತೆಗೆ ಭಾಷ್ಯದ ಮಾತುಗಳೂ ಅದರಲ್ಲಿ ಬೆರೆತಿದ್ದವು. ಆದರೂ ಕೊನೆಯವರೆಗೂ ಅವನು ಅದನ್ನು ಕೈಬಿಡಲಿಲ್ಲ, ತನ್ನ ಬಾಳಿನ ಸಮಾಧಾನ ಅದೇ ಎಂದು ಬರೆದ. ಸಾಕಿದ ನಾಯಿಗೂ 'ಆತ್ಮ' ಎಂದೇ ಹೆಸರು! ಇಷ್ಟು ಕೈ ದಾಟಿ ಬಂದ ಮಾತು ಒಬ್ಬನನ್ನು ಹೀಗೆ ಹಿಡಿದುಕೊಂಡಿತಲ್ಲ ಎಂದು ನನಗೆ ಇವತ್ತಿಗೂ ಬೆರಗು.

ಎರಡನೆಯ ಪ್ರಶ್ನೆಗೆ ಬಂದರೆ, "ಎಲ್ಲವೂ ನಮ್ಮಿಂದಲೇ ಹೋಯಿತು" ಎನ್ನುವುದನ್ನು ನಾನು ಒಪ್ಪುವುದಿಲ್ಲ. ಅವನ ತತ್ತ್ವದ ಬುಡ ಇರುವುದು ಅವನಿಗಿಂತ ಹಿಂದಿನ ಜರ್ಮನ್ ತತ್ತ್ವಜ್ಞಾನಿ ಕಾಂಟ್‌ನಲ್ಲಿ: ನಮಗೆ ತೋರುವ ಜಗತ್ತು ಬೇರೆ, ವಸ್ತು ತನ್ನಷ್ಟಕ್ಕೆ ತಾನು ಇರುವ ರೀತಿ ಬೇರೆ ಎಂಬ ವಿಂಗಡಣೆ ಅವನದು. ತೋರುವುದರ ಹಿಂದಿರುವುದು ಕುರುಡು 'ಇಚ್ಛೆ' ಎಂದದ್ದು ಶೋಪೆನ್‌ಹೌವರ್. ಬ್ರಹ್ಮಾನಂದಕ್ಕೂ ಈ ಎಂದೂ ತಣಿಯದ ಇಚ್ಛೆಗೂ ಎಷ್ಟು ದೂರ, ನೀವೇ ನೋಡಿ. ಮಾಯೆ, 'ತತ್ತ್ವಮಸಿ' (ಅದೇ ನೀನು) ಎಂಬ ಮಾತುಗಳು ಶೋಪೆನ್‌ಹೌವರ್‌ನ ವಿಚಾರಕ್ಕೆ ಬಲ ಕೊಟ್ಟವು, ಮಾತು ಕೊಟ್ಟವು.

1854ರಲ್ಲಿ ಅವನನ್ನು ಓದಿದ ಸಂಗೀತಗಾರ ವಾಗ್ನರ್ 'ತ್ರಿಸ್ತಾನ್' ಎಂಬ ಸಂಗೀತನಾಟಕ ಬರೆದ. ತತ್ತ್ವಜ್ಞಾನಿ ನೀಚೆಯ ಗೆಳೆಯ ಡಾಯ್ಸನ್ 1897ರಲ್ಲಿ ಅರವತ್ತು ಉಪನಿಷತ್ತುಗಳನ್ನು ನೇರವಾಗಿ ಸಂಸ್ಕೃತದಿಂದ ಜರ್ಮನ್ನಿಗೆ ತಂದ. ಓದಲು ಹೊರಟಿದ್ದರೆ ಮೊದಲು ಸ್ವಲ್ಪ ಕಾಂಟ್ ಓದಿಕೊಳ್ಳಿ, ಶೋಪೆನ್‌ಹೌವರ್ ತನ್ನ ಓದುಗರಿಂದ ಬಯಸಿದ್ದೂ ಅದನ್ನೇ.